ಪರಮಾಣುಗಳ ಓಲಾಟವನ್ನು ಕ್ಯಾಮೆರಾ ಹಿಡಿಯುವುದು ಹೇಗೆ?

ಪ್ರಶ್ನೆ: ಪರಮಾಣುಗಳು ಅಲುಗಾಡುವುದನ್ನು ಎಕ್ಸ್-ರೇಯಿಂದ ‘ಸಿನಿಮಾ’ ತೆಗೆಯುತ್ತಾರೆ ಅಂತ ಓದಿದೆ. ಅಷ್ಟು ವೇಗದ ಕ್ಯಾಮೆರಾ ಇದೆಯಾ?

ಇಲ್ಲ. ಚುರುಕಾಗಿರುವುದು ಕ್ಯಾಮೆರಾ ಅಲ್ಲ, ಬೆಳಕು. ಕತ್ತಲ ಕೋಣೆಯಲ್ಲಿ ಜೋರಾಗಿ ತಿರುಗುವ ಫ್ಯಾನಿನ ಮೇಲೆ ಫ್ಲಾಶ್ ಒಮ್ಮೆ ಮಿಂಚಿದರೆ ರೆಕ್ಕೆಗಳು ನಿಂತ ಹಾಗೆ ಕಾಣುತ್ತವೆ, ಅಲ್ವಾ? ಇಲ್ಲಿ ಫ್ಲಾಶ್ ಅಂದರೆ ಎಕ್ಸ್-ರೇ ಮಿಡಿತ. ಅದು ಇರುವುದೇ ಕೆಲವು ಹತ್ತು ಫೆಮ್ಟೋಸೆಕೆಂಡ್. ಸೆಕೆಂಡನ್ನು ಕೋಟಿ ಪಾಲು ಮಾಡಿ, ಅದರಲ್ಲೊಂದನ್ನು ಮತ್ತೆ ಹತ್ತು ಕೋಟಿ ಪಾಲು ಮಾಡಿದರೆ ಒಂದು ಫೆಮ್ಟೋಸೆಕೆಂಡ್.

ಕ್ಯಾಲಿಫೋರ್ನಿಯಾದ ಸ್ಲಾಕ್ ಪ್ರಯೋಗಾಲಯದ ಎಲ್‌ಸಿಎಲ್‌ಎಸ್ ಯಂತ್ರ 2009ರಿಂದ ಇಂಥ ಮಿಡಿತ ಕೊಡುತ್ತಿದೆ. ಅದಕ್ಕೂ ಮೊದಲು ಅಲ್ಲೇ ನಡೆದ, 2007ರಲ್ಲಿ ಪ್ರಕಟವಾದ ಬಿಸ್ಮತ್ ಎಂಬ ಲೋಹದ ಪ್ರಯೋಗ ನನಗೆ ಬಹಳ ಇಷ್ಟ. ಬಿಸ್ಮತ್ ಹರಳಿಗೆ ಲೇಸರ್ ಏಟು ಕೊಟ್ಟರೆ ಮೊದಲು ಕದಲುವುದು ಎಲೆಕ್ಟ್ರಾನುಗಳು. ಆಗ ಪರಮಾಣುಗಳಿಗೆ ತಮ್ಮ ಹಳೇ ಜಾಗ ಒಗ್ಗುವುದಿಲ್ಲ. ಎಲ್ಲವೂ ಒಟ್ಟಿಗೆ ಓಲಾಡತೊಡಗುತ್ತವೆ, ಸೆಕೆಂಡಿಗೆ ಸುಮಾರು 3 ಲಕ್ಷ ಕೋಟಿ ಸಲ. ಈ ಲಯ ರಾಮನ್ ಸ್ಪೆಕ್ಟ್ರೋಸ್ಕೋಪಿಯಿಂದ, ಅಂದರೆ ಚದುರಿದ ಬೆಳಕಿನ ಬಣ್ಣ ಎಷ್ಟು ಬದಲಾಗಿದೆ ಎಂದು ನೋಡುವ ವಿಧಾನದಿಂದ, ಮೊದಲೇ ಗೊತ್ತಿತ್ತು. ಪರಮಾಣು ಎಷ್ಟು ದೂರ ಸರಿಯುತ್ತದೆ ಎಂದು ನೇರವಾಗಿ ಅಳೆಯಲು ಎಕ್ಸ್-ರೇ ಬೇಕಾಯಿತು. ಹರಳಿನಿಂದ ಚದುರಿ ಬರುವ ಎಕ್ಸ್-ರೇ ಚುಕ್ಕಿಯ ಹೊಳಪು ಓಲಾಟದ ಜೊತೆಗೇ ಏರಿಳಿಯುತ್ತದೆ. ಲೆಕ್ಕ ಹಾಕುವುದು ಅದರಿಂದ.

ಆದರೆ ಒಂದು ಏಟಿಗೆ ಒಂದೇ ಚಿತ್ರ. ಮುಂದಿನ ಚಿತ್ರಕ್ಕೆ ಮತ್ತೆ ಲೇಸರ್ ಹೊಡೆದು, ಎಕ್ಸ್-ರೇ ತುಸು ತಡವಾಗಿ ಬರುವಂತೆ ಮಾಡಬೇಕು. ಈ ತಡ ಮಾಡಿಸುವ ಉಪಾಯ ಮಜವಾಗಿದೆ. ಲೇಸರ್ ದಾರಿಯಲ್ಲಿರುವ ಕನ್ನಡಿಯನ್ನು 15 ಮೈಕ್ರೋಮೀಟರ್ ಸರಿಸಿದರೆ ಸಾಕು. ಬೆಳಕು ಹೋಗಿಬರುವ ದಾರಿ 30 ಮೈಕ್ರೋಮೀಟರ್ ಕಡಿಮೆಯಾಗಿ ಲೇಸರ್ ಬೇಗ ತಲುಪುತ್ತದೆ, ಅಂದರೆ ಎಕ್ಸ್-ರೇಗೆ 100 ಫೆಮ್ಟೋಸೆಕೆಂಡ್ ತಡವಾದಂತೆ. ಹೀಗೆ ಸಾವಿರಾರು ಸಲ ಮಾಡಿ ಚಿತ್ರಗಳನ್ನು ಜೋಡಿಸುತ್ತಾರೆ. ಹಾಗಾಗಿ ‘ಸಿನಿಮಾ’ ಅನ್ನುವುದು ಸ್ವಲ್ಪ ಜಾಸ್ತಿಯೇ ಆಯಿತು. ನಾವು ನೋಡುವುದು ಒಂದೇ ಓಲಾಟವನ್ನಲ್ಲ, ಒಂದೇ ಥರದ ಸಾವಿರಾರು ಓಲಾಟಗಳ ಹೊಲಿಗೆಯನ್ನು.

ಎಲ್‌ಸಿಎಲ್‌ಎಸ್ ಮೊದಲು ಸೆಕೆಂಡಿಗೆ 120 ಮಿಡಿತ ಕೊಡುತ್ತಿತ್ತು. 2023ರಲ್ಲಿ ಶುರುವಾದ ಹೊಸ ಯಂತ್ರದ ಗುರಿ ಹತ್ತು ಲಕ್ಷ. ಏಟು ತಿಂದು ಮತ್ತೆ ಮೊದಲಿನಂತಾಗುವ ಹರಳಿಗೆ ಇದು ದೊಡ್ಡ ಅನುಕೂಲ. ಕರಗಿಯೇ ಹೋಗುವ ಲೋಹಕ್ಕೆ ಹಾಗಲ್ಲ. ಪ್ರತಿ ಏಟಿಗೂ ಹೊಸ ಜಾಗ ಒಡ್ಡಬೇಕು, ಅಲ್ಲಿ ಮಿಡಿತ ಎಷ್ಟಿದ್ದರೂ ಕೆಲಸ ನಿಧಾನವೇ.