‘ಸ್ಟಾಕ್ ಇಲ್ಲ’ ಅಂದರೆ ಯಾರನ್ನು ಕೇಳೋದು?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಹಳ್ಳಿ. ಅಮ್ಮನಿಗೆ ಎರಡು ಹೊತ್ತು ಇನ್ಸುಲಿನ್ ಬೇಕು. ಸರ್ಕಾರಿ ಆಸ್ಪತ್ರೆಗೆ ಎರಡು ಸಲ ಹೋದರೂ ‘ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ’ ಅಂದರು. ಯಾರಿಗೆ ದೂರು ಕೊಡಬೇಕು?

ಉತ್ತರ: ದೂರು ಆಮೇಲೆ. ಮೊದಲು ಮನೆಯಲ್ಲಿರುವ ಬಾಟಲಿ ನೋಡಿ. 10 ಎಂಎಲ್ ಬಾಟಲಿ, ಎಂಎಲ್‌ಗೆ 40 ಯೂನಿಟ್ ಅಂದರೆ ಒಟ್ಟು 400 ಯೂನಿಟ್. ಅಮ್ಮ ದಿನಕ್ಕೆ 30 ಯೂನಿಟ್ ತಗೊಳ್ಳೋದಾದರೆ ತುಂಬಿದ ಬಾಟಲಿ 13 ದಿನಕ್ಕೆ ಬರುತ್ತದೆ. ಅರ್ಧ ಖಾಲಿಯಾದಾಗಲೇ ಓಡಾಟ ಶುರು ಮಾಡಿ. ತಳ ಕಂಡ ಮೇಲೆ ಹೊರಟರೆ ಮಳೆಗಾಲದಲ್ಲಿ ಕಷ್ಟ.

‘ಸ್ಟಾಕ್ ಇಲ್ಲ’ ಅನ್ನೋ ಮಾತಿಗೆ ಎರಡು ಅರ್ಥ ಇರಬಹುದು. ಸರ್ಕಾರಿ ಔಷಧಿಯನ್ನು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಕೊಂಡು ಉಗ್ರಾಣಗಳಿಗೆ ಕಳಿಸುತ್ತದೆ. ಆಸ್ಪತ್ರೆಯವರು ಇಂಡೆಂಟ್, ಅಂದರೆ ಬೇಕಾದ ಔಷಧಿಯ ಬೇಡಿಕೆ ಪಟ್ಟಿ, ಹಾಕಿ ಅಲ್ಲಿಂದ ತರಿಸಿಕೊಳ್ಳುತ್ತಾರೆ. ಹಾಗಾಗಿ ಫಾರ್ಮಸಿಸ್ಟರನ್ನು ಒಂದೇ ಮಾತು ಕೇಳಿ: ‘ಇಂಡೆಂಟ್ ಯಾವತ್ತು ಹಾಕಿದ್ರಿ ಸಾರ್?’ ತಾರೀಖು ಹೇಳಿದರೆ ಕೊರತೆ ಮೇಲಿನದು. ತಡವರಿಸಿದರೆ ಇಲ್ಲಿಯದೇ. ಆಗುಂಬೆ ಘಾಟಿ ಬಂದಾಗಿದೆ ಅಂತ ಕಾರಣ ಕೊಟ್ಟರೆ ಮಾತ್ರ ಸುಮ್ನೆ ತಲೆ ಆಡಿಸಬೇಡಿ. ಆ ಘಾಟಿ ಇರೋದು ಉಡುಪಿ ಕಡೆಗೆ ಅಲ್ವಾ? ನಿಮ್ಮ ಜಿಲ್ಲೆಯ ಆಸ್ಪತ್ರೆಗೆ ಬರೋ ಔಷಧಿ ಅದನ್ನು ಹತ್ತಿ ಬರಬೇಕಿಲ್ಲ.

ಆಮೇಲೆ ವೈದ್ಯಾಧಿಕಾರಿಯನ್ನೇ ಕಾಣಿ. ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ತುರ್ತಿಗೆ ಒಂದಿಷ್ಟು ಔಷಧಿ ಕೊಳ್ಳಲು ಅವಕಾಶ ಇದೆ. ಪಕ್ಕದ ಆಸ್ಪತ್ರೆಯಲ್ಲಿ ಇದ್ದರೆ ತರಿಸಲೂಬಹುದು. ಅಲ್ಲಿ ಆಗದಿದ್ದರೆ ತಾಲ್ಲೂಕು ಆರೋಗ್ಯಾಧಿಕಾರಿ, ಅವರ ಮೇಲೆ ಶಿವಮೊಗ್ಗದ ಜಿಲ್ಲಾ ಆರೋಗ್ಯಾಧಿಕಾರಿ. 104ಕ್ಕೆ ಫೋನ್ ಮಾಡಿಯೂ ದೂರು ಹೇಳಬಹುದು. ಎಲ್ಲಿ ಹೇಳಿದರೂ ‘ಔಷಧಿ ಸಿಗ್ತಿಲ್ಲ’ ಅಂತಷ್ಟೇ ಬೇಡ. ಬಾಟಲಿ ಮೇಲಿರುವ ಇನ್ಸುಲಿನ್ ಬಗೆಯನ್ನೂ ಸೇರಿಸಿ ಹೀಗೆ ಬರೆದುಕೊಡಿ: ‘30/70 ಇನ್ಸುಲಿನ್, ಎಂಎಲ್‌ಗೆ 40 ಯೂನಿಟ್‌ನ ಬಾಟಲಿ. 8ನೇ ತಾರೀಖು, 15ನೇ ತಾರೀಖು ಹೋಗಿದ್ದೆ, ಸಿಗಲಿಲ್ಲ. ಮನೆಯಲ್ಲಿ ಇನ್ನು ಆರು ದಿನಕ್ಕಿದೆ.’ ಇಂಥ ಚೀಟಿಯನ್ನು ಬದಿಗಿಡೋದು ಕಷ್ಟ. ಕೊಟ್ಟ ಮೇಲೆ ಸ್ವೀಕೃತಿ ಕೇಳಿ ತಗೊಳ್ಳಿ.

ಮೆಡಿಕಲ್ ಶಾಪ್‌ಗಳಲ್ಲೂ ಸಿಗದಿದ್ದರೆ ಅದು ಬೇರೆ ಕಥೆ. ಅದಕ್ಕೆ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಇದೆ, ಸಹಾಯವಾಣಿ 1800 111 255. ಬೆಲೆ ನಿಯಂತ್ರಣದ ಪಟ್ಟಿಯಲ್ಲಿರುವ ಔಷಧಿಯನ್ನು ಕಂಪನಿ ನಿಲ್ಲಿಸುವುದಾದರೆ 2013ರ ಔಷಧ ಬೆಲೆ ನಿಯಂತ್ರಣ ಆದೇಶದ ಪ್ರಕಾರ ಕನಿಷ್ಠ ಆರು ತಿಂಗಳು ಮೊದಲೇ ಸರ್ಕಾರಕ್ಕೆ ತಿಳಿಸಬೇಕು.

ಈಗ ನನಗೆ ನಿಜವಾಗಿ ಭಯ ಇರುವ ವಿಷಯ. ಸ್ಟಾಕ್ ಇಲ್ಲದಾಗ ಯಾರೋ ಬೇರೆ ಬಾಟಲಿ ಕೊಡುತ್ತಾರೆ, ನಾವು ಹಳೇ ಸಿರಿಂಜಿನಲ್ಲೇ ಎಳೆಯುತ್ತೇವೆ. ಕೆಂಪು ಮುಚ್ಚಳದ ಸಿರಿಂಜು ಎಂಎಲ್‌ಗೆ 40 ಯೂನಿಟ್ ಇರುವ ಬಾಟಲಿಗೆ, ಕಿತ್ತಳೆ ಮುಚ್ಚಳದ್ದು ಎಂಎಲ್‌ಗೆ 100 ಇರುವುದಕ್ಕೆ. 100ರ ಬಾಟಲಿಯಿಂದ ಕೆಂಪು ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗೋದು 50 ಯೂನಿಟ್. ಶುಗರ್ ದಿಢೀರ್ ಇಳಿದು ಪ್ರಾಣಕ್ಕೇ ಬರಬಹುದು. ಇನ್ಸುಲಿನ್ ಬದಲಾದರೆ ಡಾಕ್ಟರನ್ನು ಕೇಳದೆ ಚುಚ್ಚಬೇಡಿ. ಉಳಿದದ್ದನ್ನು ಉಳಿಸೋಕೆ ಅಂತ ಡೋಸ್ ಕಡಿಮೆ ಮಾಡಲೂ ಬೇಡಿ.

ಕರೆಂಟ್ ಹೋಯಿತು ಅಂತ ಇರೋ ಬಾಟಲಿ ಎಸೆದವರೂ ಇದ್ದಾರೆ. ತೆರೆದ ಬಾಟಲಿ ಸಾಮಾನ್ಯವಾಗಿ ನಾಲ್ಕು ವಾರ ಹೊರಗೇ ಇರಬಹುದು, ಸೆಖೆ ಜಾಸ್ತಿ ಇರಬಾರದು ಅಷ್ಟೆ. ಮಲೆನಾಡಿನ ಮಳೆಗಾಲದಲ್ಲಿ ಆ ಚಿಂತೆ ಕಡಿಮೆ. ಬಚ್ಚಲೊಲೆ ಪಕ್ಕದ ಗೂಡಿನಲ್ಲಿ ಮಾತ್ರ ಇಡಬೇಡಿ. ಫ್ರೀಜರಿನಲ್ಲಿ ಗಟ್ಟಿಯಾದದ್ದನ್ನು ಮತ್ತೆ ಬಳಸುವಂತಿಲ್ಲ, ಕರಗಿದ ಮೇಲೂ.