ಕಣ್ಣು ಬಾಣಲೆ ಮೇಲೆ, ಗಮನ ಗಿರಾಕಿ ಮೇಲೆ

ಕೊಪ್ಪಳದಲ್ಲಿ ಒಂದು ಬೆಳಿಗ್ಗೆ ತಳ್ಳುಬಂಡಿ ಮುಂದೆ ಒಗ್ಗರಣೆ-ಮಿರ್ಚಿಗೆ ಕಾಯುತ್ತಾ ನಿಂತಿದ್ದೆ. ಬಂಡಿಯವರು ಮೆಣಸಿನಕಾಯಿಯನ್ನು ಹಿಟ್ಟಲ್ಲಿ ಹೊರಳಿಸಿ ಎಣ್ಣೆಗೆ ಬಿಡುತ್ತಿದ್ದರು. ತಲೆ ಎತ್ತಲೇ ಇಲ್ಲ, ಹಾಗೇ ಕೂಗಿದರು: "ನೀಲಿ ಅಂಗಿ ಅಣ್ಣಾರ, ರೊಕ್ಕ ಕೊಡೋದೈತ್ರಿ!" ಎಡಗಡೆಯಿಂದ ಮೆಲ್ಲಗೆ ಜಾರುತ್ತಿದ್ದವರು ನಕ್ಕು ವಾಪಸ್ ಬಂದರು.

ಇದು ಅವರೊಬ್ಬರ ಜಾಣತನ ಅಲ್ಲ. ಕೈ ಚಾಚಿ ಹೆಬ್ಬೆರಳು ನೋಡಿ. ಕಣ್ಣಿಗೆ ಚೊಕ್ಕವಾಗಿ ಕಾಣುವುದು ಹೆಚ್ಚುಕಡಿಮೆ ಆ ಉಗುರಿನ ಅಗಲದಷ್ಟೇ, ಸುಮಾರು 2 ಡಿಗ್ರಿ. ಸುತ್ತಲಿನದೆಲ್ಲ ಮಸುಕು. ಅದಕ್ಕೇ ಕಣ್ಣು ಸೆಕೆಂಡಿಗೆ ಮೂರ್ನಾಲ್ಕು ಸಲ ಜಿಗಿಯುತ್ತದೆ. ಆದರೆ ಗಮನ ಕಣ್ಣಿನ ಬೆನ್ನಿಗೇ ಹೋಗಬೇಕು ಅಂತೇನಿಲ್ಲ.

ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಇದನ್ನು 19ನೇ ಶತಮಾನದಲ್ಲೇ ತಮ್ಮ ಮೇಲೆ ಪರೀಕ್ಷೆ ಮಾಡಿಕೊಂಡರು. ಕತ್ತಲಲ್ಲಿ ಅಕ್ಷರಗಳ ಹಾಳೆ, ನಡುವೆ ಒಂದು ಸಣ್ಣ ಬೆಳಕಿನ ಚುಕ್ಕಿ. ನೋಟ ಚುಕ್ಕಿಯ ಮೇಲೇ, ಗಮನ ಮಾತ್ರ ಹಾಳೆಯ ಒಂದು ಮೂಲೆಗೆ. ಆಮೇಲೆ ಕಿಡಿಯೊಂದು ಮಿಂಚಿ ಆರುತ್ತಿತ್ತು. ಕಣ್ಣು ಕದಲೋಕೂ ಪುರಸೊತ್ತಿಲ್ಲ. ಆದರೂ ಗಮನ ಇಟ್ಟ ಮೂಲೆಯ ಅಕ್ಷರಗಳು ಅವರಿಗೆ ಸಿಕ್ಕವು, ಬೇರೆ ಕಡೆಯವು ಸಿಗಲಿಲ್ಲ.

1980ರಲ್ಲಿ ಅಮೆರಿಕದ ಮನೋವಿಜ್ಞಾನಿ ಮೈಕೆಲ್ ಪೋಸ್ನರ್ ಇದನ್ನು ಗಡಿಯಾರ ಹಿಡಿದು ಅಳೆದರು. ನೋಟ ನಡುವೆ ನೆಟ್ಟಿರಬೇಕು, ಬೆಳಕು ಕಂಡ ಕೂಡಲೇ ಗುಂಡಿ ಒತ್ತಬೇಕು. ಬಾಣದ ಗುರುತು ಬಲಕ್ಕೆ ತೋರಿಸಿದ ಮೇಲೆ ಬೆಳಕು ಬಲಕ್ಕೇ ಬಂದರೆ ಜನ ಬೇಗ ಗುಂಡಿ ಒತ್ತಿದರು. ಎಡಕ್ಕೆ ಬಂದರೆ ತಡ. ಬಾಣವೇ ಇಲ್ಲದಾಗಿನದಕ್ಕಿಂತಲೂ ತಡ! ಅಂದರೆ ಒಂದು ಕಡೆಯ ಲಾಭ ಇನ್ನೊಂದು ಕಡೆಯ ನಷ್ಟ. ಗಮನ ಪುಕ್ಕಟೆ ಅಲ್ಲ.

ನನಗೆ ಜಾಸ್ತಿ ಇಷ್ಟವಾಗುವುದು 1984ರ ಅವರ ಇನ್ನೊಂದು ಕೆಲಸ, ಕೋಹೆನ್ ಎಂಬ ಸಂಶೋಧಕರ ಜೊತೆ ಮಾಡಿದ್ದು. ಒಂದು ಜಾಗದಲ್ಲಿ ಏನೋ ಮಿನುಗಿದರೆ ಗಮನ ಅಲ್ಲಿಗೆ ಹಾರುತ್ತದೆ. ಸುಮಾರು 0.3 ಸೆಕೆಂಡ್ ಕಳೆದ ಮೇಲೆ ಮಾತ್ರ ಅದೇ ಜಾಗಕ್ಕೆ ಮತ್ತೆ ಹೋಗೋಕೆ ಹಿಂದೇಟು. ನೋಡಿದ್ದನ್ನೇ ನೋಡುತ್ತಾ ಕೂತರೆ ಹುಡುಕಾಟ ಮುಗಿಯಲ್ಲ, ಅಲ್ವಾ? ಗವಿಮಠದ ಜಾತ್ರೆಯ ಜಂಗುಳಿಯಲ್ಲಿ ತಮ್ಮನನ್ನು ಹುಡುಕುವಾಗ ಈ ಹಿಂದೇಟೇ ನಮ್ಮನ್ನು ಮುಂದಿನ ಮುಖಕ್ಕೆ ತಳ್ಳುತ್ತಿರಬೇಕು.

ಅಷ್ಟರಲ್ಲಿ ಹಿಂದಿನಿಂದ ಟ್ರ್ಯಾಕ್ಟರೊಂದು ಜೋರಾಗಿ ಹಾರ್ನ್ ಹೊಡೆಯಿತು. ಬಂಡಿಯವರೂ ತಿರುಗಿದರು. ಎಣ್ಣೆಯಲ್ಲಿದ್ದ ಎರಡು ಮಿರ್ಚಿ ಕರ್ರಗಾದವು. ಅವು ನನ್ನ ಪ್ಲೇಟಿಗೇ ಬಿದ್ದವು.