ಆಟಿಸಂ ಪರೀಕ್ಷೆಗೆ ಅವ್ವನನ್ನೂ ಕರೆದುಕೊಂಡು ಹೋಗಿ

ಆಟಿಸಂ ಅಂದರೆ ಜನರ ಜೊತೆ ಬೆರೆಯುವ, ಮಾತಾಡುವ, ಸದ್ದು-ಬದಲಾವಣೆ ತಾಳಿಕೊಳ್ಳುವ ರೀತಿಯೇ ಬೇರೆಯಾಗಿರುವ ಸ್ಥಿತಿ. ಅದು ಇದೆಯೋ ಇಲ್ಲವೋ ಎಂದು ಹೇಳುವ ರಕ್ತ ಪರೀಕ್ಷೆ ಇಲ್ಲ. ಎಂ.ಆರ್.ಐ. ನೋಡಿ ಹೇಳಲು ಆಗುವುದಿಲ್ಲ, ಮೆದುಳಿನ ವಿದ್ಯುತ್ ಅಲೆಗಳನ್ನು ಬರೆಯುವ ಇ.ಇ.ಜಿ. ನೋಡಿಯೂ ಆಗುವುದಿಲ್ಲ. ಮೂರ್ಛೆಯ ಅನುಮಾನ ಇದ್ದರೆ ಡಾಕ್ಟರು ಇ.ಇ.ಜಿ. ಬರೆದುಕೊಡುತ್ತಾರೆ, ಅದು ಬೇರೆ ವಿಷಯ. ಆದರೂ ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ವಯಸ್ಕರ ಬಗ್ಗೆ ಈ ಅನುಮಾನ ಬಂದರೆ ಮೊದಲು ಕೇಳಿಬರುವುದು "ಒಮ್ಮೆ ಸ್ಕ್ಯಾನಿಂಗ್ ಮಾಡಸ್ರಿ" ಎಂಬ ಮಾತು. ಕೆಲವರು ದೃಷ್ಟಿ ತೆಗೆಸುತ್ತಾರೆ. ಇನ್ನು ಕೆಲವರು "ಲಗ್ನಾ ಮಾಡ್ರಿ, ಎಲ್ಲಾ ಸರಿ ಹೋಗತೈತಿ" ಅನ್ನುತ್ತಾರೆ. ನನಗೆ ಎಲ್ಲಕ್ಕಿಂತ ಜಾಸ್ತಿ ಕಳವಳ ಈ ಕೊನೆಯ ಸಲಹೆಯ ಬಗ್ಗೆಯೇ. ಏನೂ ಗೊತ್ತಿಲ್ಲದ ಇನ್ನೊಂದು ಜೀವವನ್ನೂ ಅದು ಒಳಗೆ ಎಳೆಯುತ್ತದೆ.

ಆಟಿಸಂ 40ನೇ ವಯಸ್ಸಿನಲ್ಲಿ ಹೊಸದಾಗಿ ಶುರುವಾಗುವುದಿಲ್ಲ. ಅದು ಮೆದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. ಆದ್ದರಿಂದ ಡಾಕ್ಟರಿಗೆ ಇವತ್ತಿನ ನೀವೂ ಬೇಕು, ನಾಲ್ಕು ವರ್ಷದ ನೀವೂ ಬೇಕು. ಇವತ್ತಿನದನ್ನು ನೋಡಲು ಎಡಾಸ್ ಎಂಬ ಪರೀಕ್ಷೆ ಇದೆ. ಚೆನ್ನಾಗಿ ಮಾತಾಡುವ ದೊಡ್ಡವರಿಗೆಂದೇ ಅದರಲ್ಲಿ ನಾಲ್ಕನೇ ಭಾಗವಿದೆ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಎದುರು ಕೂತು ಮಾತಾಡಿಸುತ್ತಾರೆ, ಚಿತ್ರ ತೋರಿಸಿ ಕಥೆ ಹೇಳಿಸುತ್ತಾರೆ. ಬಾಲ್ಯದ್ದನ್ನು ತಿಳಿಯಲು ಎಡಿಐ-ಆರ್ ಇದೆ. ಅದರ 93 ಪ್ರಶ್ನೆಗಳನ್ನು ಕೇಳುವುದು ನಿಮ್ಮನ್ನು ಸಾಕಿದವರನ್ನು. ಎರಡು ಗಂಟೆ ಸುಲಭವಾಗಿ ಹಿಡಿಯುತ್ತದೆ. ಸಣ್ಣವನಿದ್ದಾಗ ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಿದ್ದನೇ? ಹೆಸರು ಕರೆದರೆ ತಿರುಗುತ್ತಿದ್ದನೇ? ಹೆಚ್ಚಿನ ಮನೆಗಳಲ್ಲಿ ಇದಕ್ಕೆ ಉತ್ತರ ಇರುವುದು ಅವ್ವನ ಹತ್ತಿರ. ಅವ್ವ ಇಲ್ಲದಿದ್ದರೆ ದೊಡ್ಡಕ್ಕ, ಸೋದರಮಾವ, ಹಳೇ ಶಾಲೆಯ ಪ್ರಗತಿ ಪತ್ರ. ಈ ಎರಡೂ ಪರೀಕ್ಷೆ ಇಲ್ಲದ ಕಡೆಯೂ ಅನುಭವಿ ಮನೋವೈದ್ಯರು ವಿವರವಾಗಿ ಮಾತಾಡಿಸಿ ನಿರ್ಣಯ ಕೊಡಬಲ್ಲರು.

ಇಷ್ಟು ವರ್ಷ ಯಾರಿಗೂ ಯಾಕೆ ಗೊತ್ತಾಗಲಿಲ್ಲ? ಇದರ ಇತಿಹಾಸವೇ ಹಾಗಿದೆ. ಸೋವಿಯತ್ ವೈದ್ಯೆ ಗ್ರುನ್ಯಾ ಸುಖರೇವಾ ಆರು ಹುಡುಗರ ಲಕ್ಷಣಗಳನ್ನು ಬರೆದದ್ದು 1920ರ ದಶಕದಲ್ಲಿ. ಹೆಚ್ಚು ಜನ ಓದಲಿಲ್ಲ. ಅಮೆರಿಕದಲ್ಲಿ ಮನೋವೈದ್ಯ ಲಿಯೊ ಕ್ಯಾನರ್ 1943ರಲ್ಲಿ 11 ಮಕ್ಕಳ ಬಗ್ಗೆ ಬರೆದ ಮೇಲೆ ಜಗತ್ತು ಗಮನಿಸಿತು. ಆಮೇಲೆ ದಶಕಗಳ ಕಾಲ ತಾಯಂದಿರ ಪ್ರೀತಿ ಸಾಲದ್ದೇ ಕಾರಣ ಎಂದು ಡಾಕ್ಟರುಗಳೇ ನಂಬಿದರು. ಎಂಥ ಕ್ರೌರ್ಯ! 1977ರಲ್ಲಿ ಫೋಲ್‌ಸ್ಟೀನ್ ಮತ್ತು ರಟ್ಟರ್ ಎಂಬ ಸಂಶೋಧಕರು ಅವಳಿ ಮಕ್ಕಳ ಅಧ್ಯಯನ ಮಾಡಿ ಇದರಲ್ಲಿ ವಂಶವಾಹಿಗಳ ಪಾಲು ದೊಡ್ಡದು ಎಂದು ತೋರಿಸಿದರು. ನಮ್ಮಲ್ಲಿ 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಬಂತು, 2016ರ ಕಾಯ್ದೆಯಲ್ಲಿ ಗಟ್ಟಿಯಾಯಿತು. 1980ರ ದಶಕದಲ್ಲಿ ಗದಗಿನ ಶಾಲೆಯಲ್ಲಿ ಕೂತಿದ್ದ ಹುಡುಗನಿಗೆ ಸಿಕ್ಕಿದ್ದು "ಶಾಣ್ಯಾ ಅದಾನ, ಆದ್ರ ಯಾರ ಜೋಡಿನೂ ಬೆರೆಯಂಗಿಲ್ಲ" ಅನ್ನುವ ಮಾತಷ್ಟೇ. ಈಗ ಅವನ ಮಗನಿಗೆ ಆಟಿಸಂ ಎಂದು ಗೊತ್ತಾದಾಗ ಆ ಅಪ್ಪ ತನ್ನನ್ನೇ ಅಲ್ಲಿ ನೋಡುತ್ತಾನೆ. ದೊಡ್ಡವರು ದವಾಖಾನೆಯ ತನಕ ಬರುವ ದಾರಿಗಳಲ್ಲಿ ಇದೂ ಒಂದು.

ಇನ್ನೊಂದು ದಾರಿ ಮೊಬೈಲಿನ ಪ್ರಶ್ನಾವಳಿ. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ನನಗೆ ತುಂಬಾ ಇಷ್ಟವಾದ ಲೆಕ್ಕ ಇದು. ಸುಮಾರು 100 ಜನರಲ್ಲಿ ಒಬ್ಬರಿಗೆ ಆಟಿಸಂ ಇದೆ ಎನ್ನೋಣ. ಒಂದು ಪ್ರಶ್ನಾವಳಿ ಆಟಿಸಂ ಇರುವ 10 ಜನರಲ್ಲಿ 8 ಜನರನ್ನು ಸರಿಯಾಗಿ ಹಿಡಿಯುತ್ತದೆ, ಇಲ್ಲದ 100 ಜನರಲ್ಲಿ 20 ಜನರನ್ನು ತಪ್ಪಾಗಿ ಹಿಡಿಯುತ್ತದೆ ಎಂದುಕೊಳ್ಳಿ. ಕೇಳಲು ಪರವಾಗಿಲ್ಲ ಅನಿಸುತ್ತದೆ, ಅಲ್ವಾ? ಈಗ ದಾರಿಯಲ್ಲಿ ಹೋಗುವ 1,000 ಜನರಿಗೆ ಅದನ್ನು ಕೊಡಿ. ಆಟಿಸಂ ಇರುವವರು 10, ಅವರಲ್ಲಿ 8 ಜನ ಸಿಕ್ಕರು. ಉಳಿದ 990 ಜನರಲ್ಲಿ 198 ಜನ ತಪ್ಪಾಗಿ ಸಿಕ್ಕರು. "ನಿಮಗಿದೆ" ಅನ್ನಿಸಿಕೊಂಡ 206 ಜನರಲ್ಲಿ ನಿಜವಾಗಿ ಇರುವವರು ಬರೀ 8! ಅದೇ ಪ್ರಶ್ನಾವಳಿಯನ್ನು, ಬಾಲ್ಯದ ಲಕ್ಷಣ ನೋಡಿ ಕಳಿಸಿದ 1,000 ಜನರಿಗೆ ಕೊಡಿ. ಅವರಲ್ಲಿ 300 ಜನರಿಗೆ ಆಟಿಸಂ ಇದ್ದರೆ 240 ಜನ ಸರಿಯಾಗಿ, 140 ಜನ ತಪ್ಪಾಗಿ ಸಿಗುತ್ತಾರೆ. ಪ್ರಶ್ನೆ ಒಂದೂ ಬದಲಾಗಿಲ್ಲ, ಉತ್ತರದ ಬೆಲೆ ಮಾತ್ರ ಪೂರ್ತಿ ಬದಲಾಯಿತು. ಅವ್ವನ ನೆನಪಿನಿಂದ ಆಗುವ ಉಪಯೋಗ ಇದೇ.

ಪ್ರಶ್ನೆಗಳದ್ದೂ ಒಂದು ತೊಡಕಿದೆ. 2001ರಲ್ಲಿ ಕೇಂಬ್ರಿಜ್‌ನಿಂದ ಬಂದ 50 ಪ್ರಶ್ನೆಗಳ ಪಟ್ಟಿ ಪಾರ್ಟಿ ಇಷ್ಟವೋ ಲೈಬ್ರರಿ ಇಷ್ಟವೋ ಎಂದು ಕೇಳುತ್ತದೆ. ಹಾವೇರಿಯ ರೈತನಿಗೆ ಕೇಳಬೇಕಾದದ್ದು ಜಾತ್ರೆ, ಸಂತೆ, ಮದುವೆ ಮನೆಯ ಸದ್ದಿನ ಬಗ್ಗೆ.

ನಮ್ಮ ದೇಶದ್ದೇ ಆದ ಐಸಾ ಎಂಬ ಮಾಪನ ಇದೆ. 40 ಅಂಶ, ಒಂದೊಂದಕ್ಕೆ 1ರಿಂದ 5 ಅಂಕ, 70 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಆಟಿಸಂ. ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಇದು ಬೇಕು. ಆದರೆ ಎಲ್ಲವನ್ನೂ ಕೂಡಿ ಒಂದೇ ಅಂಕಿ ಮಾಡುವುದರಲ್ಲಿ ತೊಂದರೆ ಇದೆ. ಬ್ಯಾಡಗಿ ಮೆಣಸಿನಕಾಯಿಗೆ ಕಡುಗೆಂಪು ಬಣ್ಣ, ಖಾರ ಕಡಿಮೆ. ಬಣ್ಣ ನೋಡಿ ಖಾರ ಹೇಳಿದರೆ ತಪ್ಪುತ್ತೇವೆ. ಹಾಗೆಯೇ ಚೆನ್ನಾಗಿ ಮಾತಾಡುವ, ನೌಕರಿ ಮಾಡುವ ವ್ಯಕ್ತಿಗೆ ಸದ್ದು, ಬೆಳಕು, ದಿಢೀರ್ ಬದಲಾವಣೆ ತಾಳಲಾರದಷ್ಟು ಕಷ್ಟ ಇರಬಹುದು. ಅದನ್ನು ಮುಚ್ಚಿಡುವುದನ್ನು ಅವರು ವರ್ಷಗಟ್ಟಲೆ ಕಲಿತಿರುತ್ತಾರೆ. ಹೆಂಗಸರಲ್ಲಿ ಇದು ಇನ್ನೂ ಜಾಸ್ತಿ. ಅಂಥವರಿಗೆ ಅಂಕ ಕಡಿಮೆ ಬಂದು ಪ್ರಮಾಣಪತ್ರ ಸಿಗದೇ ಹೋದರೂ ಡಾಕ್ಟರ ನಿರ್ಣಯ ಸುಳ್ಳಾಗುವುದಿಲ್ಲ. ಅವೆರಡೂ ಬೇರೆ ಬೇರೆ ಕಾಗದ.

ಖರ್ಚಿನ ಮಾತಿಗೆ ಬಂದರೆ, ಇಲ್ಲಿ ರೊಕ್ಕ ಹೋಗುವುದು ಯಂತ್ರಕ್ಕಲ್ಲ, ತಜ್ಞರ ಗಂಟೆಗಳಿಗೆ. ಎಡಾಸ್ ಪೆಟ್ಟಿಗೆಯ ಬೆಲೆಯೇ 2,000 ಡಾಲರಿಗೂ ಜಾಸ್ತಿ, ಅದನ್ನು ನಡೆಸಲು ತಜ್ಞರು ಪಡೆಯುವ ತರಬೇತಿಯ ಖರ್ಚು ಬೇರೆ. ಅದಕ್ಕೇ ಖಾಸಗಿಯಲ್ಲಿ ಪೂರ್ತಿ ಪರೀಕ್ಷೆಗೆ ಸಾವಿರಗಟ್ಟಲೆ ಆಗುತ್ತದೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಮತ್ತು ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆ ಸರ್ಕಾರಿ ಸಂಸ್ಥೆಗಳು, ಅಲ್ಲಿ ಶುಲ್ಕ ಕಡಿಮೆ. ಮನೋವೈದ್ಯರ ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸಿ ಶುರು ಮಾಡಬಹುದು. ಒಂದೇ ದಿನಕ್ಕೆ ಮುಗಿಯುವ ಕೆಲಸ ಅಲ್ಲ. ಗದಗಿನಿಂದಲೋ ಹಾವೇರಿಯಿಂದಲೋ ಬರುವವರಿಗೆ ಪ್ರತಿ ಸಲ ಒಂದು ದಿನದ ಕೂಲಿ ಹೋಗುತ್ತದೆ. ಶಕ್ತಿ ಯೋಜನೆಯಿಂದ ಅವ್ವನ ಬಸ್ ಚಾರ್ಜು ಉಳಿಯುತ್ತದೆ, ಅಷ್ಟೇ ಸಮಾಧಾನ.

ಹೋಗುವ ಮೊದಲು ಫೋನ್ ಮಾಡಿ ಒಂದು ಪ್ರಶ್ನೆ ಕೇಳಿ: "ವಯಸ್ಕರಿಗೆ ಆಟಿಸಂ ಪರೀಕ್ಷೆ ಮಾಡುತ್ತೀರಾ, ಯಾರು ಮಾಡುತ್ತಾರೆ?" ಬಾಲ್ಯದ ಘಟನೆಗಳನ್ನು ಕಾಗದದ ಮೇಲೆ ಬರೆದುಕೊಂಡು ಹೋಗಿ, ಗದ್ದಲದಲ್ಲಿ ಮಾತು ಹೊರಡದಿದ್ದರೆ ಅದನ್ನೇ ಕೊಡಬಹುದು. ಬರುವಾಗ ಬರೀ ಅಂಕಿಯ ವರದಿಗೆ ಒಪ್ಪಬೇಡಿ. ಯಾವ ಪರೀಕ್ಷೆ ಮಾಡಿದರು, ಯಾವುದು ಕಷ್ಟ, ಯಾವುದು ಸುಲಭ, ಕೆಲಸದ ಜಾಗದಲ್ಲಿ ಏನು ಬದಲಾಗಬೇಕು, ಖಿನ್ನತೆಯೋ ಆತಂಕವೋ ಜೊತೆಗಿದೆಯೇ ಎಂಬುದನ್ನೆಲ್ಲ ಬರೆಸಿಕೊಳ್ಳಿ, ತಜ್ಞರ ನೋಂದಣಿ ಸಂಖ್ಯೆಯ ಸಮೇತ.